ದರ್ಜೆ ಪಡೆದ ಹಳೆಯ ಅಮೆರಿಕನ್ ನಾಣ್ಯಗಳು: ಕೊಳ್ಳುವ ಮುನ್ನ ಅರಿತಿರಬೇಕಾದ ಸಂಗತಿಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ಸೀಮೆಯ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ಚಕ್ರವರ್ತಿಯ ಮುಖಮುದ್ರೆಯುಳ್ಳ ಬೆಳ್ಳಿ ರೂಪಾಯಿಗಳು ಇಂದಿಗೂ ಇವೆ. ಲಕ್ಷ್ಮೀಪೂಜೆಯ ದಿನ ಅವುಗಳನ್ನು ಹೊರತೆಗೆದು, ತೊಳೆದು, ಅರಿಶಿನ ಕುಂಕುಮವಿಟ್ಟು ಮತ್ತೆ ಒಳಗಿಡುವುದು ರೂಢಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಬಗೆಯ ನಾಣ್ಯವೂ ಬಂದು ಸೇರುವುದುಂಟು. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು, ಅಳಿಯಂದಿರು ಊರಿಗೆ ಬಂದಾಗ ಗಟ್ಟಿಯಾದ ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿದ ಹಳೆಯ ಬೆಳ್ಳಿ ಡಾಲರನ್ನು ಉಡುಗೊರೆಯಾಗಿ ತರುತ್ತಾರೆ. ಅದರ ಮೇಲಿನ ಚೀಟಿಯಲ್ಲಿ ಇಸವಿ, ಕೆಲವು ಅಕ್ಷರಗಳು, ಒಂದು ಅಂಕಿ ಹಾಗೂ ಉದ್ದನೆಯ ಕ್ರಮಸಂಖ್ಯೆ ಇರುತ್ತವೆ. ಇಂತಹ ನಾಣ್ಯಗಳನ್ನು ಉಳಿತಾಯದ ಮಾರ್ಗವೆಂದು ಭಾವಿಸಿ ಅಂತರಜಾಲದ ಮೂಲಕ ಕೊಳ್ಳುವವರೂ ಇದ್ದಾರೆ.

ಈ ಚೀಟಿಯ ಅರ್ಥವೇನು, ಅದರಲ್ಲಿನ ಅಂಕಿಗೆ ಬೆಲೆ ಹೇಗೆ ಬರುತ್ತದೆ, ಮಾರಲು ಹೊರಟಾಗ ಕೈಗೆಷ್ಟು ಸಿಗುತ್ತದೆ, ಕಾನೂನು ಏನು ಹೇಳುತ್ತದೆ ಎಂಬ ವಿಷಯಗಳನ್ನು ಸರಿಯಾಗಿ ತಿಳಿಯದೆ ಹಣ ಹೂಡಿದವರು ನಷ್ಟಕ್ಕೆ ಗುರಿಯಾಗುವ ಸಂಭವ ಹೆಚ್ಚು. ಚಿನ್ನ ಬೆಳ್ಳಿ ವರ್ತಕರ ಬಳಿಗೂ ಇಂತಹ ನಾಣ್ಯಗಳು ಬರುವುದರಿಂದ ಅವರಿಗೂ ಈ ತಿಳಿವಳಿಕೆ ಅಗತ್ಯ.

ಡಾಲರು ಕರಗಿ ರೂಪಾಯಿಯಾದದ್ದು

ಹಳೆಯ ಅಮೆರಿಕನ್ ಬೆಳ್ಳಿ ಡಾಲರಿಗೂ ನಮ್ಮ ಬೆಳ್ಳಿ ರೂಪಾಯಿಗೂ ಇರುವ ನಂಟು ಬಹಳ ಮಂದಿಗೆ ತಿಳಿದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಿಂದ ಯುದ್ಧಕ್ಕೆ ಬೇಕಾದ ಸರಕುಗಳು ಅಪಾರ ಪ್ರಮಾಣದಲ್ಲಿ ರಫ್ತಾದವು. ಅವುಗಳ ಬೆಲೆಯನ್ನು ಇಲ್ಲಿ ರೂಪಾಯಿಗಳಲ್ಲಿ ಪಾವತಿ ಮಾಡಬೇಕಾಯಿತು. ಜನರಿಗೆ ಕಾಗದದ ಹಣಕ್ಕಿಂತ ಬೆಳ್ಳಿಯ ರೂಪಾಯಿಯ ಮೇಲೆ ನಂಬಿಕೆ ಹೆಚ್ಚಾಗಿದ್ದುದರಿಂದ ಸರ್ಕಾರದ ಬೆಳ್ಳಿಯ ದಾಸ್ತಾನು ವೇಗವಾಗಿ ಕರಗತೊಡಗಿತು. 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನೂ, 1918ರ ಜನವರಿಯಲ್ಲಿ ಎರಡು ರೂಪಾಯಿ ಎಂಟಾಣೆಯ ನೋಟನ್ನೂ ಹೊರಡಿಸಿದ್ದು ಈ ಕೊರತೆಯ ಕಾರಣದಿಂದಲೇ. ಆದರೂ ನೋಟುಗಳನ್ನು ಕೊಟ್ಟು ನಾಣ್ಯ ಪಡೆಯಲು ಜನ ಮುಗಿಬಿದ್ದಾಗ ಬ್ರಿಟಿಷ್ ಸರ್ಕಾರವು ಅಮೆರಿಕದ ನೆರವನ್ನು ಕೋರಿತು.

ಅಮೆರಿಕದ ಖಜಾನೆಯಲ್ಲಿ ಆಗ ಕೋಟ್ಯಂತರ ಬೆಳ್ಳಿ ಡಾಲರುಗಳು ಬಳಕೆಯಾಗದೆ ಚೀಲಗಳಲ್ಲಿ ಬಿದ್ದಿದ್ದವು. ನೆವಾಡಾ ರಾಜ್ಯದ ಸೆನೆಟ್ ಸದಸ್ಯ ಕೀ ಪಿಟ್‌ಮನ್ ಅವರ ಹೆಸರಿನ ಕಾಯಿದೆ 1918ರ ಏಪ್ರಿಲ್ 23ರಂದು ಜಾರಿಗೆ ಬಂದಿತು. ಅದರಂತೆ 35 ಕೋಟಿ ಡಾಲರುಗಳವರೆಗೆ ಕರಗಿಸಲು ಅನುಮತಿ ದೊರೆಯಿತು. ವಾಸ್ತವದಲ್ಲಿ ಕರಗಿಸಿದ್ದು 27,02,32,722 ನಾಣ್ಯಗಳು. ಅವುಗಳಲ್ಲಿ 25,91,21,554 ನಾಣ್ಯಗಳ ಬೆಳ್ಳಿಯನ್ನು ಔನ್ಸ್ ಒಂದಕ್ಕೆ ಒಂದು ಡಾಲರಿನಂತೆ ಬ್ರಿಟನ್ನಿಗೆ ಮಾರಲಾಯಿತು. ಅದು ಭಾರತದ ರೂಪಾಯಿಗಳಿಗಾಗಿಯೇ ಬಂದ ಬೆಳ್ಳಿ.

ಒಂದು ಡಾಲರಿನಲ್ಲಿ ಸುಮಾರು 24.06 ಗ್ರಾಂ ಶುದ್ಧ ಬೆಳ್ಳಿ ಇತ್ತು. 11.66 ಗ್ರಾಂ ತೂಕದ ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಈ ಲೆಕ್ಕದಲ್ಲಿ ಒಂದು ಡಾಲರಿನಿಂದ ಎರಡೂಕಾಲು ರೂಪಾಯಿ ಆಗುತ್ತಿತ್ತು. ಬಂದ ಬೆಳ್ಳಿಯಷ್ಟೂ ಸುಮಾರು 58 ಕೋಟಿ ರೂಪಾಯಿ ನಾಣ್ಯಗಳಿಗೆ ಸಾಕಾಗುವಷ್ಟಿತ್ತು. ನಮ್ಮ ಕಡೆಯ ಮನೆಗಳಲ್ಲಿರುವ 1918, 1919, 1920ರ ರೂಪಾಯಿಗಳಲ್ಲಿ ಯಾವುದರಲ್ಲಿ ಆ ಬೆಳ್ಳಿ ಸೇರಿದೆಯೆಂದು ಬೇರ್ಪಡಿಸಿ ಹೇಳಲಾಗದು. ಆದರೆ ಆ ವರ್ಷಗಳ ರೂಪಾಯಿಗಳ ಬೆಳ್ಳಿಯಲ್ಲಿ ದೊಡ್ಡ ಪಾಲು ಒಂದು ಕಾಲಕ್ಕೆ ಡಾಲರಾಗಿತ್ತೆಂಬುದು ನಿಜ.

ವಿರಳತೆಯ ಲೆಕ್ಕ

ಈ ಕರಗಿಸುವಿಕೆಯು ನಾಣ್ಯ ಸಂಗ್ರಹದ ಮಾರುಕಟ್ಟೆಯ ಮೇಲೆ ಶಾಶ್ವತವಾದ ಪರಿಣಾಮವನ್ನು ಉಂಟುಮಾಡಿತು. ಇಲ್ಲಿ ಹೇಳುತ್ತಿರುವ ಡಾಲರಿಗೆ ಅದರ ಅಚ್ಚನ್ನು ರೂಪಿಸಿದ ಜಾರ್ಜ್ ಮಾರ್ಗನ್ ಅವರ ಹೆಸರಿನಿಂದ ಮಾರ್ಗನ್ ಡಾಲರ್ ಎಂದೇ ಹೆಸರು. 1878ರಿಂದ 1904ರವರೆಗೆ ಮತ್ತು ಪುನಃ 1921ರಲ್ಲಿ ಇದನ್ನು ಟಂಕಿಸಲಾಯಿತು. ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಕಾರ್ಸನ್ ಸಿಟಿ ಹಾಗೂ ಕೊನೆಯಲ್ಲಿ ಡೆನ್ವರ್ ಟಂಕಸಾಲೆಗಳಲ್ಲಿ ಇವು ಸಿದ್ಧವಾದವು. ಫಿಲಡೆಲ್ಫಿಯಾ ನಾಣ್ಯಕ್ಕೆ ಗುರುತಿನ ಅಕ್ಷರವಿಲ್ಲ. ಉಳಿದವುಗಳಿಗೆ ಹಿಂಬದಿಯಲ್ಲಿ ಕ್ರಮವಾಗಿ ಓ, ಎಸ್, ಸಿಸಿ, ಡಿ ಎಂಬ ರೋಮನ್ ಅಕ್ಷರಗಳಿರುತ್ತವೆ.

ಯಾವ ಇಸವಿಯ, ಯಾವ ಟಂಕಸಾಲೆಯ ನಾಣ್ಯಗಳು ಎಷ್ಟು ಕರಗಿದವೆಂಬ ಲೆಕ್ಕವನ್ನು ಆಗ ಇಡಲಿಲ್ಲ. ಆದುದರಿಂದ ಎಷ್ಟು ಟಂಕಿಸಲಾಯಿತು ಎಂಬ ಸರ್ಕಾರಿ ಅಂಕಿಯಿಂದ ಇಂದು ಎಷ್ಟು ಉಳಿದಿವೆ ಎಂಬುದನ್ನು ಊಹಿಸುವಂತಿಲ್ಲ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇವಲ 1,00,000 ಡಾಲರು ಟಂಕಿತವಾದವು. ಅವು ಇಂದು ಅತಿ ದುಬಾರಿ. ಅದಕ್ಕೆ ವಿರುದ್ಧವಾಗಿ, ಕರಗಿಸಿದ ಡಾಲರುಗಳ ಸ್ಥಾನ ತುಂಬಲು 1921ರೊಂದರಲ್ಲೇ ಸುಮಾರು 8.67 ಕೋಟಿ ಮಾರ್ಗನ್ ಡಾಲರುಗಳನ್ನು ಹೊಸದಾಗಿ ಟಂಕಿಸಲಾಯಿತು. 1921ರ ನಾಣ್ಯ ಶತಮಾನ ಕಳೆದರೂ ಸಾಮಾನ್ಯವೇ. ‘ನೂರು ವರ್ಷ ಹಳೆಯದು’ ಎಂಬ ಒಂದೇ ಮಾತಿನಿಂದ ಅದಕ್ಕೆ ಹೆಚ್ಚಿನ ಬೆಲೆ ಕೊಡುವುದು ಸಲ್ಲದು.

ವಿರಳವೆಂದು ನಂಬಿದ್ದು ಒಂದೇ ದಿನದಲ್ಲಿ ಸಾಮಾನ್ಯವಾದ ನಿದರ್ಶನವೂ ಇದೆ. 1903ರ ನ್ಯೂ ಆರ್ಲಿಯನ್ಸ್ ಡಾಲರು ಬಳಕೆಯಾಗದ ಸ್ಥಿತಿಯಲ್ಲಿ ಸಿಗುವುದೇ ಇಲ್ಲವೆಂದು ದಶಕಗಳ ಕಾಲ ಭಾವಿಸಲಾಗಿತ್ತು. ಅವೆಲ್ಲ 1918ರಲ್ಲಿ ಕರಗಿಹೋದವೆಂಬುದೇ ಸಾಮಾನ್ಯ ಊಹೆಯಾಗಿತ್ತು. ಅದರ ಬೆಲೆಯೂ ಹಾಗೆಯೇ ಏರಿತ್ತು. 1962ರ ಕೊನೆಯಲ್ಲಿ ಖಜಾನೆಯ ಹಳೆಯ ಚೀಲಗಳನ್ನು ಬಿಚ್ಚಿದಾಗ ಇದೇ ನಾಣ್ಯಗಳು ರಾಶಿಯಾಗಿ ಹೊರಬಂದವು. ಅಧಿಕ ಬೆಲೆಗೆ ಕೊಂಡಿದ್ದವರ ಹಣ ಕೆಲವೇ ವಾರಗಳಲ್ಲಿ ನೀರುಪಾಲಾಯಿತು. ಮುಂದೆ 1972ರಿಂದ 1980ರವರೆಗೆ ಅಮೆರಿಕ ಸರ್ಕಾರವೇ ತನ್ನಲ್ಲಿ ಉಳಿದಿದ್ದ ಸುಮಾರು 29 ಲಕ್ಷ ಬೆಳ್ಳಿ ಡಾಲರುಗಳನ್ನು ಸಾರ್ವಜನಿಕರಿಗೆ ಮಾರಾಟಕ್ಕಿಟ್ಟಿತು. ಅವುಗಳಲ್ಲಿ ಹೆಚ್ಚಿನವು ಕಾರ್ಸನ್ ಸಿಟಿಯವು.

ದರ್ಜೆ ಎಂದರೇನು

ನಾಣ್ಯವೊಂದು ಟಂಕಸಾಲೆಯಿಂದ ಹೊರಬಂದ ಮೇಲೆ ಎಷ್ಟು ಸವೆದಿದೆ, ಎಷ್ಟು ಗೀರುಬಿದ್ದಿದೆ, ಹೊಳಪು ಎಷ್ಟು ಉಳಿದಿದೆ, ಅಚ್ಚು ಎಷ್ಟು ಚೆನ್ನಾಗಿ ಮೂಡಿದೆ ಎಂಬುದನ್ನು ಅಂಕಿಯಲ್ಲಿ ಹೇಳುವುದೇ ದರ್ಜೆ. ಇದರ ಮೂಲ ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ಪ್ರಕಟಿಸಿದ ಗ್ರಂಥ. ಅಮೆರಿಕದ ಆರಂಭಕಾಲದ ತಾಮ್ರದ ದೊಡ್ಡ ಸೆಂಟುಗಳಿಗಾಗಿ ಅವರು 1ರಿಂದ 70ರವರೆಗಿನ ಅಳತೆಗೋಲನ್ನು ಮಾಡಿದರು. ಗುರುತಿಸಲು ಮಾತ್ರ ಸಾಧ್ಯವಾಗುವಷ್ಟು ಸವೆದ ನಾಣ್ಯಕ್ಕೆ 1. ದೋಷರಹಿತ ನಾಣ್ಯಕ್ಕೆ 70. 1977ರಲ್ಲಿ ಅಮೆರಿಕನ್ ನಾಣ್ಯಶಾಸ್ತ್ರ ಸಂಘವು ಇದನ್ನು ಎಲ್ಲ ನಾಣ್ಯಗಳಿಗೂ ಅನ್ವಯಿಸುವಂತೆ ಅಳವಡಿಸಿಕೊಂಡಿತು.

ಅಳತೆಗೋಲಿನಲ್ಲಿ 4ರಿಂದ 45ರವರೆಗಿನವು ಚಲಾವಣೆಯಲ್ಲಿ ಬೇರೆ ಬೇರೆ ಮಟ್ಟಕ್ಕೆ ಸವೆದ ನಾಣ್ಯಗಳು. 50ರಿಂದ 58ರವರೆಗಿನವು ಎತ್ತರದ ಭಾಗಗಳಲ್ಲಿ ಮಾತ್ರ ಅತಿ ಅಲ್ಪ ಸವೆತವುಳ್ಳವು, ಇವುಗಳಿಗೆ ಎ.ಯು. ಎಂಬ ಅಕ್ಷರಗಳು. 60ರಿಂದ 70ರವರೆಗಿನವು ಚಲಾವಣೆಗೇ ಬಾರದವು; ಇವುಗಳಿಗೆ ಎಂ.ಎಸ್. ಎಂಬ ಅಕ್ಷರಗಳು. ಚಲಾವಣೆಗೆ ಬಾರದ ನಾಣ್ಯವೂ ಸಾವಿರ ನಾಣ್ಯಗಳ ಚೀಲದಲ್ಲಿ ಒಂದಕ್ಕೊಂದು ತಾಗಿ ಗೀರು ಪಡೆದಿರುತ್ತದೆ. ಆದುದರಿಂದಲೇ 60ಕ್ಕೂ 67ಕ್ಕೂ ಇಷ್ಟು ಅಂತರ. ಪ್ರೂಫ್ ಎಂಬುದು ದರ್ಜೆಯಲ್ಲ. ಮೆರುಗುಗೊಳಿಸಿದ ಅಚ್ಚುಗಳಿಂದ ಸಂಗ್ರಾಹಕರಿಗಾಗಿಯೇ ವಿಶೇಷವಾಗಿ ಟಂಕಿಸಿದ ನಾಣ್ಯ ಎಂದರ್ಥ. ತಾಮ್ರದ ನಾಣ್ಯಗಳಿಗೆ ಮೂಲದ ಕೆಂಪು ಬಣ್ಣ ಎಷ್ಟು ಉಳಿದಿದೆ ಎಂಬುದನ್ನು ಸೂಚಿಸುವ ಅಕ್ಷರಗಳು ಬೇರೆ ಇರುತ್ತವೆ.

ಮೊದಲು ಮಾರುವವನೇ ದರ್ಜೆಯನ್ನೂ ಹೇಳುತ್ತಿದ್ದನು. ಮಾರುವಾಗ 65 ಎಂದವನು ಅದನ್ನೇ ಮರಳಿ ಕೊಳ್ಳುವಾಗ 63 ಎನ್ನುತ್ತಿದ್ದನು. ಈ ತಕರಾರನ್ನು ತಪ್ಪಿಸಲು ವ್ಯಾಪಾರದಿಂದ ಬೇರೆಯಾದ ಸಂಸ್ಥೆಗಳು ಹುಟ್ಟಿಕೊಂಡವು. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಸ್ಥಾಪನೆಯಾದವು. ಇವು ನಾಣ್ಯದ ನೈಜತೆಯನ್ನು ಪರೀಕ್ಷಿಸಿ, ದರ್ಜೆ ನಿರ್ಣಯಿಸಿ, ಮುದ್ರೆ ಮುರಿಯದೆ ತೆರೆಯಲಾಗದ ಪೆಟ್ಟಿಗೆಯಲ್ಲಿ ಮುಚ್ಚಿ, ಕ್ರಮಸಂಖ್ಯೆ ನೀಡುತ್ತವೆ. ವ್ಯಾಪಾರಿಗಳ ಮಾತಿನಲ್ಲಿ ಈ ಪೆಟ್ಟಿಗೆಗೆ ಸ್ಲ್ಯಾಬ್ ಎಂದು ಹೆಸರು. ಭಾರತದ ಹರಾಜು ಪಟ್ಟಿಗಳಲ್ಲಿಯೂ ಎನ್.ಜಿ.ಸಿ. ಪೆಟ್ಟಿಗೆಯ ನಾಣ್ಯಗಳು ಈಗ ಸಾಮಾನ್ಯವಾಗಿವೆ.

ದರ್ಜೆಯು ನುರಿತವರ ಅಭಿಪ್ರಾಯವೇ ಹೊರತು ತೂಕದಂತೆ ಅಳೆದು ಹೇಳುವ ಸಂಗತಿಯಲ್ಲ. ಒಂದೇ ನಾಣ್ಯಕ್ಕೆ ಒಮ್ಮೆ 64, ಇನ್ನೊಮ್ಮೆ 65 ದೊರೆಯಬಹುದು. ಪೆಟ್ಟಿಗೆಯನ್ನು ಒಡೆದು ಹೆಚ್ಚಿನ ದರ್ಜೆಯ ಆಸೆಯಿಂದ ಮತ್ತೆ ಮತ್ತೆ ಕಳುಹಿಸುವವರೂ ಇರುವುದರಿಂದ, ಸಂಸ್ಥೆಗಳು ಪ್ರಕಟಿಸುವ ‘ಈ ದರ್ಜೆಯಲ್ಲಿ ಇಷ್ಟು ನಾಣ್ಯಗಳಿವೆ’ ಎಂಬ ಪಟ್ಟಿಯಲ್ಲಿ ಒಂದೇ ನಾಣ್ಯ ಎರಡು ಮೂರು ಬಾರಿ ಎಣಿಕೆಯಾಗಿರಬಹುದು. ಅಲ್ಲದೆ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಮನ್ನಣೆ ಇಲ್ಲ. ಹೆಸರೇ ಕೇಳದ ಸಂಸ್ಥೆಯ ಚೀಟಿಯಲ್ಲಿನ 67 ಎಂಬ ಅಂಕಿಯನ್ನು ಮಾರುಕಟ್ಟೆ ಲೆಕ್ಕಿಸುವುದಿಲ್ಲ.

ಅಂಕಿ ಮತ್ತು ಬೆಲೆ

ಒಂದು ಅಂಕಿಯ ಅಂತರದಿಂದ ಬೆಲೆಯಲ್ಲಿ ಅಪಾರ ವ್ಯತ್ಯಾಸವಾಗುವುದು ಈ ವ್ಯಾಪಾರದ ವೈಶಿಷ್ಟ್ಯ, ಅಪಾಯವೂ ಅದೇ. 1884ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರು 32 ಲಕ್ಷ ಸಂಖ್ಯೆಯಲ್ಲಿ ಟಂಕಿತವಾಯಿತು. ಸವೆದ ಸ್ಥಿತಿಯಲ್ಲಿ ಅದು ಸುಲಭ ಬೆಲೆಗೆ ಸಿಗುತ್ತದೆ. ಚಲಾವಣೆಗೆ ಬಾರದ ಸ್ಥಿತಿಯಲ್ಲಿ ಅದು ಬಹಳ ದುರ್ಲಭ. ಬೆಲೆ ನೂರಾರು ಪಟ್ಟು ಹೆಚ್ಚು. 1881ರ ಅದೇ ಟಂಕಸಾಲೆಯ ಡಾಲರಾದರೋ ಚೀಲಗಳಲ್ಲಿಯೇ ಉಳಿದುಕೊಂಡದ್ದರಿಂದ 64ರ ದರ್ಜೆಯಲ್ಲಿಯೂ ಯಥೇಚ್ಛವಾಗಿದೆ. ಹಾಗಾಗಿ ಇಸವಿ, ಟಂಕಸಾಲೆ, ದರ್ಜೆ ಈ ಮೂರನ್ನೂ ಒಟ್ಟಿಗೆ ನೋಡಿದ ಹೊರತು ಬೆಲೆಯನ್ನು ನಿರ್ಧರಿಸಲಾಗದು.

ಕೊಳ್ಳುವವರು ಮೊದಲು ಲೋಹದ ಬೆಲೆಯನ್ನು ಲೆಕ್ಕಹಾಕುವುದು ಒಳಿತು. ಮಾರ್ಗನ್ ಡಾಲರಿನ ತೂಕ 26.73 ಗ್ರಾಂ, ಬೆಳ್ಳಿ ನೂರಕ್ಕೆ 90. ಇಪ್ಪತ್ತು ಡಾಲರಿನ ಚಿನ್ನದ ನಾಣ್ಯದ ತೂಕ 33.44 ಗ್ರಾಂ, ಶುದ್ಧ ಚಿನ್ನ ಸುಮಾರು 30.09 ಗ್ರಾಂ. ಆ ದಿನದ ದರದಿಂದ ಗುಣಿಸಿದರೆ ಬರುವ ಮೊತ್ತವೇ ತಳಪಾಯ. ಕೇಳುತ್ತಿರುವ ಬೆಲೆಯಲ್ಲಿ ಈ ಮೊತ್ತವನ್ನು ಕಳೆದು ಉಳಿಯುವುದು ವಿರಳತೆಗೂ ದರ್ಜೆಗೂ ಕೊಡುತ್ತಿರುವ ಹಣ. ಅದು ನ್ಯಾಯವೇ ಎಂಬುದನ್ನು ಇತ್ತೀಚಿನ ಹರಾಜುಗಳಲ್ಲಿ ಅದೇ ಇಸವಿ, ಅದೇ ದರ್ಜೆಯ ನಾಣ್ಯ ಎಷ್ಟಕ್ಕೆ ಹೋಗಿದೆಯೆಂದು ನೋಡಿ ತೀರ್ಮಾನಿಸಬೇಕು. ಮಾರ್ಗದರ್ಶಿ ಪುಸ್ತಕಗಳಲ್ಲಿನ ಬೆಲೆಯು ಅಂಗಡಿಯವನು ಮಾರುವ ಬೆಲೆಯೇ ಹೊರತು ಅವನು ಕೊಳ್ಳುವ ಬೆಲೆಯಲ್ಲ.

ಹರಾಜಿನಲ್ಲಿ ಕೊಳ್ಳುವ ಮತ್ತು ಮಾರುವ ವೆಚ್ಚಗಳೂ ಇವೆ. ಉದಾಹರಣೆಗೆ, ನಾಣ್ಯವೊಂದರ ಕೂಗು 50,000 ರೂಪಾಯಿಗೆ ನಿಂತಿತು, ಕೊಳ್ಳುವವನಿಂದ ಶೇಕಡಾ 20ರ ಶುಲ್ಕ ಹಾಗೂ ಮಾರುವವನಿಂದ ಶೇಕಡಾ 10ರ ಶುಲ್ಕ ಎಂದಿಟ್ಟುಕೊಳ್ಳೋಣ. ಕೊಂಡವನು ಕೊಡುವುದು 60,000 ರೂಪಾಯಿ. ಅದನ್ನೇ ಮರುದಿನ ಅದೇ ಕೂಗಿಗೆ ಮಾರಿದರೆ ಅವನಿಗೆ ದೊರೆಯುವುದು 45,000 ರೂಪಾಯಿ. ಹಾಕಿದ ಹಣ ಮರಳಿ ಬರಬೇಕಾದರೆ ಕೂಗು ಮೂರನೇ ಒಂದು ಭಾಗದಷ್ಟು ಏರಬೇಕು. ತೆರಿಗೆ, ಅಂಚೆ, ವಿಮೆಗಳ ಖರ್ಚು ಇದರ ಮೇಲೆ. ಒಂದೆರಡು ವರ್ಷಗಳ ಹೂಡಿಕೆಗೆ ನಾಣ್ಯಗಳು ತಕ್ಕವಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಅಮೆರಿಕದಲ್ಲಿಯೇ ಇದರ ಪಾಠ ಕಲಿತವರಿದ್ದಾರೆ. ಪೆಟ್ಟಿಗೆಯ ನಾಣ್ಯಗಳು ಬಂದ ಹೊಸತರಲ್ಲಿ, ನೋಡದೆಯೇ ಕೊಳ್ಳಬಹುದಾದ ಷೇರಿನಂತಹ ಸರಕು ಇದೆಂದು ಭಾವಿಸಿ ಹಣಕಾಸು ಸಂಸ್ಥೆಗಳೂ ಮುಂದೆ ಬಂದವು. 1989ರಲ್ಲಿ ಬೆಲೆಗಳು ಶಿಖರ ಮುಟ್ಟಿ ಅನಂತರ ಕುಸಿದವು. ಹಲವು ನಾಣ್ಯಗಳ ಬೆಲೆ ದಶಕಗಳಾದರೂ ಆ ಮಟ್ಟಕ್ಕೆ ಮರಳಲಿಲ್ಲ. 1794ರ ಡಾಲರು 2013ರಲ್ಲಿ ಒಂದು ಕೋಟಿ ಡಾಲರಿಗೂ ಮೀರಿ, 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯವು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಮಾರಾಟವಾದ ಸುದ್ದಿಗಳನ್ನು ಓದಿ ಸಾಮಾನ್ಯ ನಾಣ್ಯಕ್ಕೂ ಅಂತಹ ಭವಿಷ್ಯವಿದೆ ಎಂದು ನಂಬಬಾರದು.

ತೊಳೆದ ನಾಣ್ಯ, ಕುಣಿಕೆ ಹಾಕಿದ ನಾಣ್ಯ

ನಮ್ಮ ಮನೆಗಳಲ್ಲಿ ಬೆಳ್ಳಿಯನ್ನು ಹುಣಸೆಹಣ್ಣು ಅಥವಾ ವಿಭೂತಿಯಿಂದ ತಿಕ್ಕಿ ಬೆಳಗಿಸುವುದು ವಾಡಿಕೆ. ಪೂಜೆಯ ಪಾತ್ರೆಗಳಿಗೆ ಇದು ಸರಿ, ಸಂಗ್ರಹದ ನಾಣ್ಯಗಳಿಗೆ ಸಲ್ಲದು. ಟಂಕಿಸುವಾಗ ಲೋಹವು ಅಚ್ಚಿನೊಳಗೆ ಹರಿದು ಮೂಡಿದ ಅತಿ ಸೂಕ್ಷ್ಮ ಗೆರೆಗಳಿಂದ ನಾಣ್ಯಕ್ಕೆ ಮೂಲದ ಹೊಳಪು ಬಂದಿರುತ್ತದೆ. ತಿಕ್ಕಿದಾಗ ಆ ಗೆರೆಗಳು ಅಳಿಸಿಹೋಗುತ್ತವೆ. ಬರಿಗಣ್ಣಿಗೆ ಹೊಸದಾಗಿ ಕಂಡರೂ ಭೂತಗನ್ನಡಿಯಲ್ಲಿ ಒಂದೇ ದಿಕ್ಕಿನ ಗೀರುಗಳು ಕಾಣುತ್ತವೆ. ಅಂತಹ ನಾಣ್ಯಕ್ಕೆ ಸಂಸ್ಥೆಗಳು ಅಂಕಿ ಕೊಡುವುದಿಲ್ಲ. ‘ತೊಳೆದದ್ದು’ ಎಂದು ನಮೂದಿಸಿ ‘ಡೀಟೇಲ್ಸ್’ ಎಂಬ ವರ್ಗಕ್ಕೆ ಸೇರಿಸುತ್ತವೆ. ಬೆಲೆ ಅರ್ಧಕ್ಕೂ ಕೆಳಗಿಳಿಯುವುದು ಅಪರೂಪವಲ್ಲ. ಕಾಲಕ್ರಮದಲ್ಲಿ ಬೆಳ್ಳಿಯ ಮೇಲೆ ಕಟ್ಟಿದ ಕಪ್ಪು, ನೀಲಿ, ಹೊಂಬಣ್ಣದ ಛಾಯೆಯನ್ನು ಹಾಗೆಯೇ ಬಿಡಬೇಕು.

ಕಾಸಿನ ಸರಕ್ಕಾಗಿ ಕುಣಿಕೆ ಬೆಸೆದಿದ್ದ ನಾಣ್ಯಗಳಿಗೂ ಇದೇ ಗತಿ. ಕುಣಿಕೆ ತೆಗೆದು ಅಂಚನ್ನು ಉಜ್ಜಿ ಸರಿಪಡಿಸಿದರೂ ಗುರುತು ಉಳಿಯುತ್ತದೆ. ಚಿನಿವಾರರು ಒರೆಗಲ್ಲಿಗೆ ಉಜ್ಜಿ, ಆಮ್ಲ ಹಾಕಿ ನೋಡುವ ಪದ್ಧತಿಯನ್ನು ಇಂತಹ ನಾಣ್ಯಗಳ ಮೇಲೆ ಪ್ರಯೋಗಿಸಲೇಬಾರದು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ ಎಕ್ಸ್-ರೇ ಯಂತ್ರದಿಂದ ಲೋಹದ ಪ್ರಮಾಣವನ್ನು ನಾಣ್ಯಕ್ಕೆ ಹಾನಿಯಾಗದಂತೆ ತಿಳಿಯಬಹುದು. ಇನ್ನು ಸಂಗ್ರಹದ ವಿಷಯ. ಮಲೆನಾಡಿನ ಅಂಚಿನ ಮಳೆಗಾಲದ ತೇವ ಬೆಳ್ಳಿಗೂ ತಾಮ್ರಕ್ಕೂ ಹಿತವಲ್ಲ. ಮೆದುವಾದ ಪಿ.ವಿ.ಸಿ. ಹಾಳೆಯ ಚೀಲಗಳಲ್ಲಿಟ್ಟರೆ ಕಾಲಾನಂತರ ಹಸಿರು ಜಿಡ್ಡು ಕೂರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡುವುದು ಕ್ಷೇಮ.

ನಕಲಿಗಳ ಹಾವಳಿ

ಅಮೆರಿಕನ್ ಡಾಲರುಗಳ ನಕಲಿಗಳು ಇಂದು ಜಗತ್ತಿನಾದ್ಯಂತ ಹರಡಿವೆ. ಸಂತೆಗಳಲ್ಲಿ, ಪ್ರವಾಸಿ ತಾಣಗಳಲ್ಲಿ, ಅಂತರಜಾಲದ ಮಾರಾಟ ತಾಣಗಳಲ್ಲಿ ‘ಅಜ್ಜನ ಕಾಲದ ಡಾಲರು’ ಎಂದು ಸಿಗುವವುಗಳಲ್ಲಿ ಬೆಳ್ಳಿಯೇ ಇಲ್ಲದವು ಸಾಕಷ್ಟಿವೆ. ನಕಲಿಗಳಲ್ಲಿ ಮೂರು ಬಗೆ. ಮೊದಲನೆಯದು, ಅಗ್ಗದ ಲೋಹದಲ್ಲಿ ಎರಕ ಹೊಯ್ದದ್ದು ಇಲ್ಲವೆ ಹೊಸ ಅಚ್ಚಿನಿಂದ ಹೊಡೆದದ್ದು. ತೂಕ 26.73 ಗ್ರಾಂಗೆ, ವ್ಯಾಸ 38.1 ಮಿಲಿಮೀಟರಿಗೆ ಹೊಂದದಿರುವುದು, ಅಯಸ್ಕಾಂತಕ್ಕೆ ಅಂಟುವುದು, ಅಂಚಿನ ಗೆರೆಗಳು ಒಂದೇ ಸಮನಾಗಿಲ್ಲದಿರುವುದು ಇದರ ಲಕ್ಷಣಗಳು. ನೀರಿನಲ್ಲಿ ತೂಗಿ ಸಾಪೇಕ್ಷ ಸಾಂದ್ರತೆಯನ್ನು ನೋಡಿದರೆ ನೈಜ ಡಾಲರಿಗೆ ಸುಮಾರು 10.3 ಬರಬೇಕು.

ಎರಡನೆಯ ಬಗೆಯಲ್ಲಿ ಬೆಳ್ಳಿಯೂ ನಿಜ, ನಾಣ್ಯವೂ ನಿಜ. ಆದರೆ ಗುರುತು ಸುಳ್ಳು. 1893ರ ಸಾಧಾರಣ ಡಾಲರಿಗೆ ಎಸ್ ಎಂಬ ಅಕ್ಷರವನ್ನು ಅಂಟಿಸಿ ದುರ್ಲಭ ನಾಣ್ಯವನ್ನಾಗಿ ಮಾಡುವುದು ಇದಕ್ಕೆ ಉದಾಹರಣೆ. ತೂಕ, ಲೋಹಗಳ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಮೂರನೆಯದು ಪೆಟ್ಟಿಗೆಯನ್ನೇ ನಕಲು ಮಾಡುವುದು. ನಿಜವಾದ ಕ್ರಮಸಂಖ್ಯೆಯನ್ನು ನಕಲಿ ಚೀಟಿಯಲ್ಲಿ ಮುದ್ರಿಸಿ, ನಕಲಿ ನಾಣ್ಯದೊಂದಿಗೆ ಮುಚ್ಚುತ್ತಾರೆ. ಸಂಸ್ಥೆಯ ಜಾಲತಾಣದಲ್ಲಿ ಕ್ರಮಸಂಖ್ಯೆ ದೊರೆತಷ್ಟಕ್ಕೇ ಸಮಾಧಾನಪಡದೆ, ಅಲ್ಲಿ ಛಾಯಾಚಿತ್ರವಿದ್ದರೆ ಅದರಲ್ಲಿನ ಗೀರು, ಕಲೆಗಳನ್ನು ಕೈಯಲ್ಲಿರುವ ನಾಣ್ಯದೊಡನೆ ಹೋಲಿಸಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಂಚನೆ ನಮ್ಮಲ್ಲಿ ವ್ಯಾಪಕವಾಗಿದೆ. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ದೂರವಾಣಿಯಲ್ಲಿ ನಂಬಿಸಿ, ನೋಂದಣಿ ಶುಲ್ಕ, ತೆರಿಗೆ ಎಂದು ಮೊದಲು ಹಣ ಕಟ್ಟಿಸಿಕೊಳ್ಳುವುದು ಇದರ ರೀತಿ. ಭಾರತೀಯ ರಿಸರ್ವ್ ಬ್ಯಾಂಕು ತಾನು ಇಂತಹ ವ್ಯವಹಾರದಲ್ಲಿ ತೊಡಗಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ. ಮಾರುವವನಿಂದ ಮುಂಗಡವಾಗಿ ಹಣ ಕೇಳುವ ಯಾವ ಕೊಳ್ಳುಗನನ್ನೂ ನಂಬಲಾಗದು.

ಕಾನೂನಿನ ಕಟ್ಟಳೆಗಳು

1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿಗಳ ಅಧಿನಿಯಮದಂತೆ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಕಾಲದಿಂದ ಇರುವ ನಾಣ್ಯವೂ ಪ್ರಾಚ್ಯವಸ್ತುವೇ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಯ ಹೊರತು ಬೇರೆ ಯಾರೂ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸ ಹಾಗೂ ದಂಡವಿದೆ. ನಾಣ್ಯ ಯಾವ ದೇಶದ್ದು ಎಂಬ ಭೇದವನ್ನು ವ್ಯಾಖ್ಯೆಯಲ್ಲಿ ಮಾಡಿಲ್ಲ. ಆದುದರಿಂದ ಇಲ್ಲಿಯ ಮನೆಯಲ್ಲಿರುವ 1890ರ ಡಾಲರನ್ನು ದರ್ಜೆಗೆಂದು ಅಮೆರಿಕಕ್ಕೆ ಅಂಚೆಯಲ್ಲಿ ಕಳುಹಿಸುವುದು, ಇಲ್ಲವೆ ಮಗನ ಕೈಯಲ್ಲಿ ಕೊಟ್ಟು ಕಳುಹಿಸುವುದು ತೊಂದರೆಗೆ ದಾರಿಯಾಗಬಹುದು. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಹಾಗೂ ಸುಂಕ ಇಲಾಖೆಯನ್ನು ವಿಚಾರಿಸುವುದು ಕಡ್ಡಾಯವೆಂದೇ ಭಾವಿಸಬೇಕು. ಅಮೆರಿಕನ್ ನಾಣ್ಯಗಳಲ್ಲಿ ಆಸಕ್ತಿಯುಳ್ಳವರು ಅಲ್ಲಿಯೇ ದರ್ಜೆ ಪಡೆದುದನ್ನೇ ಕೊಳ್ಳುವುದು ಇದಕ್ಕಾಗಿಯೂ ಲೇಸು.

ಪ್ರಾಚ್ಯವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸುವವರು ಅದೇ ಅಧಿನಿಯಮದಡಿ ಪರವಾನಗಿ ಪಡೆದಿರಬೇಕು. ಹಳೆಯ ನಾಣ್ಯಗಳನ್ನು ಕೊಂಡು ಮಾರುವ ಅಂಗಡಿಯವರು ಇದನ್ನು ಗಮನಿಸತಕ್ಕದ್ದು. ವಿದೇಶದಿಂದ ತರಿಸುವಾಗ ಸುಂಕವನ್ನು ಘೋಷಿಸಿಯೇ ತರಿಸಬೇಕು. ಚಿನ್ನದ ಆಮದಿಗೆ ಪ್ರತ್ಯೇಕ ನಿರ್ಬಂಧಗಳಿರುವುದರಿಂದ ಚಿನ್ನದ ನಾಣ್ಯಗಳ ವಿಷಯದಲ್ಲಿ ಮುಂಚಿತವಾಗಿ ಸಲಹೆ ಪಡೆಯುವುದು ಅವಶ್ಯ. ಆಮದಿನ ಕಾಗದ, ಖರೀದಿಯ ಬಿಲ್ಲು, ಬ್ಯಾಂಕಿನ ಪಾವತಿಯ ದಾಖಲೆಗಳನ್ನು ನಾಣ್ಯದಷ್ಟೇ ಜೋಪಾನವಾಗಿಡಬೇಕು. ನಾಣ್ಯ ಹೇಗೆ, ಯಾವಾಗ ಬಂದಿತೆಂಬುದಕ್ಕೆ ಮುಂದೆ ಅವೇ ಸಾಕ್ಷಿ.

ನಮ್ಮ ನೆಲದ ನಾಣ್ಯಗಳು

ಅಮೆರಿಕದ ನಾಣ್ಯಗಳಿಂದ ಕಲಿತದ್ದನ್ನು ಊರಿನ ನಾಣ್ಯಗಳಿಗೂ ಅನ್ವಯಿಸುವುದು ಈ ಸೀಮೆಯವರಿಗೆ ಹೆಚ್ಚು ಉಪಯುಕ್ತ. ವಿದೇಶೀ ನಾಣ್ಯ ಕನ್ನಡನಾಡಿಗೆ ಹೊಸದೇನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಹಾಸನ ಜಿಲ್ಲೆಯ ಹಳೇಬೀಡನ್ನು ರಾಜಧಾನಿಯಾಗಿ ಹೊಂದಿದ್ದ ಹೊಯ್ಸಳರು ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬಿರುದುಗಳುಳ್ಳ ಚಿನ್ನದ ನಾಣ್ಯಗಳನ್ನು ಹೊರಡಿಸಿದರು. 17ನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ನರಸಿಂಹನ ಚಿತ್ರವುಳ್ಳ ಸಣ್ಣ ಚಿನ್ನದ ಹಣವನ್ನು ಹೊರಡಿಸಿದರು; ಕಂಠೀರಾಯಿ ಹಣವೆಂಬ ಹೆಸರು ಬಹುಕಾಲ ಉಳಿಯಿತು. ಟಿಪ್ಪು ಸುಲ್ತಾನನ ಆನೆಯ ಮುದ್ರೆಯ ತಾಮ್ರದ ಕಾಸುಗಳಿಗೂ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಬರಹವುಳ್ಳ ಕಾಸುಗಳಿಗೂ ದೇಶ ವಿದೇಶಗಳಲ್ಲಿ ಸಂಗ್ರಾಹಕರಿದ್ದಾರೆ. ಇವುಗಳ ಅಧ್ಯಯನಕ್ಕೆ ಡಾ. ಎ.ವಿ. ನರಸಿಂಹಮೂರ್ತಿಯವರ ಬರಹಗಳು ಇಂದಿಗೂ ಆಧಾರ.

ಇಂತಹ ನಾಣ್ಯಗಳನ್ನು ಕೇವಲ ಚಿನ್ನದ ತೂಕಕ್ಕೆ ಕೊಂಡು ಮೂಸೆಗೆ ಹಾಕಿದರೆ ಮಾರಿದವನಿಗೂ ಕೊಂಡವನಿಗೂ ನಷ್ಟ. ನಾಡಿನ ಇತಿಹಾಸಕ್ಕೆ ಆಗುವ ನಷ್ಟವನ್ನು ಹಣದಲ್ಲಿ ಹೇಳಲಾಗದು. 1918ರಲ್ಲಿ ಕರಗಿದ ಡಾಲರುಗಳ ವಿಷಯದಲ್ಲಿ ಅವುಗಳ ಸಂಖ್ಯೆಯಾದರೂ ದಾಖಲಾಯಿತು. ಅಂಗಡಿಯ ಮೂಸೆಯಲ್ಲಿ ಕರಗಿದ ಹೊಯ್ಸಳ ಗದ್ಯಾಣಗಳ ಎಣಿಕೆಯನ್ನು ಯಾರೂ ಇಟ್ಟಿಲ್ಲ.

ಇಲ್ಲಿಯೂ ಕಾನೂನಿನ ಎಚ್ಚರ ಬೇಕು. ವಂಶಪಾರಂಪರ್ಯವಾಗಿ ಮನೆಯಲ್ಲಿರುವ ನಾಣ್ಯ ಬೇರೆ, ಹೊಲ ಉಳುವಾಗ ಅಥವಾ ಹಳೆಯ ಮನೆಯ ಅಡಿಪಾಯ ಅಗೆಯುವಾಗ ಸಿಕ್ಕ ನಾಣ್ಯ ಬೇರೆ. ಎರಡನೆಯದು ನಿಧಿ. ಕರ್ನಾಟಕದಲ್ಲಿ 1962ರ ನಿಧಿ ಅಧಿನಿಯಮದ ಮೇರೆಗೆ ಜಿಲ್ಲಾಧಿಕಾರಿಗಳಿಗೆ ಅದನ್ನು ತಿಳಿಸಬೇಕು. ಮುಚ್ಚಿಟ್ಟು ಮಾರಿದರೆ ಮಾರಿದವನಷ್ಟೇ ಅಲ್ಲದೆ ಕೊಂಡ ವರ್ತಕನೂ ಸಿಕ್ಕಿಬೀಳುತ್ತಾನೆ. ಕಟ್ಟಾಯದಂತಹ ಹೋಬಳಿಗಳಿಂದ ರೈತರು ಮಣ್ಣು ಮೆತ್ತಿದ ನಾಣ್ಯಗಳನ್ನು ತಂದಾಗ ಬೆಲೆ ಕಟ್ಟುವ ಮೊದಲು ಅದು ಎಲ್ಲಿ ಸಿಕ್ಕಿತೆಂದು ಕೇಳಿ, ತಹಶೀಲ್ದಾರರ ಕಚೇರಿಗೆ ತಿಳಿಸುವಂತೆ ಹೇಳುವುದು ವರ್ತಕನ ಕರ್ತವ್ಯವೂ ಹೌದು, ಅವನ ರಕ್ಷಣೆಯೂ ಹೌದು.

ಕೊಳ್ಳುವವರಿಗೆ ಕೆಲವು ಸೂಚನೆಗಳು

1. ಮೊದಲ ಆರು ತಿಂಗಳು ಓದು ಮತ್ತು ನೋಟಕ್ಕೆ ಮೀಸಲಿರಲಿ. ಬೆಂಗಳೂರಿನಲ್ಲಿ ಕನ್ನಡನಾಡು ನಾಣ್ಯ ಸಂಘದಂತಹ ಸಂಸ್ಥೆಗಳ ಪ್ರದರ್ಶನಗಳಿಗೆ ಹೋಗಿ ನೈಜ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಬೇಕು.

2. ಒಂದೇ ಸರಣಿಯನ್ನು ಆರಿಸಿಕೊಳ್ಳಬೇಕು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೊಂಡವರಿಗೆ ಯಾವುದರ ಬೆಲೆಯೂ ಸರಿಯಾಗಿ ತಿಳಿಯುವುದಿಲ್ಲ.

3. ಪೆಟ್ಟಿಗೆಯನ್ನು ನೋಡಿ ಕೊಳ್ಳದೆ ಒಳಗಿನ ನಾಣ್ಯವನ್ನು ನೋಡಿ ಕೊಳ್ಳಬೇಕು. ಒಂದೇ ದರ್ಜೆಯ ಎರಡು ನಾಣ್ಯಗಳಲ್ಲಿ ಒಂದು ಸುಂದರ, ಇನ್ನೊಂದು ಮಂಕು ಆಗಿರಬಹುದು.

4. ಲೋಹದ ಬೆಲೆ, ಇತ್ತೀಚಿನ ಹರಾಜಿನ ಬೆಲೆ, ಎಲ್ಲ ಶುಲ್ಕಗಳು ಸೇರಿದ ಒಟ್ಟು ಖರ್ಚು — ಈ ಮೂರನ್ನು ಬರೆದಿಟ್ಟುಕೊಂಡ ಮೇಲೆಯೇ ಹಣ ಕೊಡಬೇಕು.

5. ಬಿಲ್ಲು ಇಲ್ಲದ ಖರೀದಿ, ಮಾರುಕಟ್ಟೆಗಿಂತ ಅತಿ ಅಗ್ಗದ ಕೊಡುಗೆ, ಇಂದೇ ಕೊಳ್ಳಬೇಕೆಂಬ ಒತ್ತಾಯ ಇವುಗಳಿಂದ ದೂರವಿರಬೇಕು.

6. ಮಕ್ಕಳ ವಿದ್ಯೆಗೆ, ಮದುವೆಗೆ, ವೃದ್ಧಾಪ್ಯಕ್ಕೆ ಇಟ್ಟ ಹಣವನ್ನು ನಾಣ್ಯಗಳಿಗೆ ತೊಡಗಿಸಬಾರದು. ಸಂಗ್ರಹದ ಪಟ್ಟಿ, ಕೊಂಡ ಬೆಲೆ, ಮಾರಲು ಯಾರನ್ನು ಕೇಳಬೇಕೆಂಬ ವಿವರಗಳನ್ನು ಬರೆದು ಮನೆಯವರಿಗೆ ತಿಳಿಸಿರಬೇಕು. ಸಂಗ್ರಾಹಕನ ನಂತರ ಅವನ ಜೀವಮಾನದ ಸಂಗ್ರಹವನ್ನು ತೂಕಕ್ಕೆ ಮಾರಿದ ನಿದರ್ಶನಗಳಿವೆ.

ನಾಣ್ಯ ಸಂಗ್ರಹದಿಂದ ಲಾಭ ಪಡೆದವರು ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ದೀರ್ಘಕಾಲ ನಾಣ್ಯಗಳನ್ನು ಅಭ್ಯಾಸ ಮಾಡಿ, ತಮಗೆ ತಿಳಿದ ಕ್ಷೇತ್ರದಲ್ಲಷ್ಟೇ ಕೊಂಡವರು. ದರ್ಜೆಯ ಚೀಟಿಯು ಅವರಿಗೆ ನೆರವಾಯಿತೇ ಹೊರತು ಅವರ ತಿಳಿವಳಿಕೆಯ ಸ್ಥಾನವನ್ನು ತುಂಬಲಿಲ್ಲ. ಹೊಸದಾಗಿ ಆರಂಭಿಸುವವರು ಮನೆಯ ಪೆಟ್ಟಿಗೆಯಲ್ಲಿರುವ ರೂಪಾಯಿಗಳಿಂದಲೇ ಮೊದಲು ಮಾಡಬಹುದು. ಅವುಗಳನ್ನು ತೊಳೆಯದೆ ಹೊರತೆಗೆದು, ಇಸವಿಯನ್ನು ಓದಿ, ಟಂಕಸಾಲೆಯ ಗುರುತನ್ನು ಹುಡುಕಿ, ಸವೆತವನ್ನು ಭೂತಗನ್ನಡಿಯಲ್ಲಿ ಗಮನಿಸಿ ಒಂದು ಪಟ್ಟಿ ಮಾಡಲಿ. ಇದಕ್ಕೆ ಖರ್ಚೇನೂ ಇಲ್ಲ. ಮುಂದೆ ಡಾಲರು ಕೊಳ್ಳುವಾಗ ಬೇಕಾಗುವ ಕಣ್ಣು ಅಲ್ಲಿಯೇ ಪಳಗುತ್ತದೆ.